ಹಿಮದ ನಾಡಿನಲ್ಲಿ ದ್ರಾಕ್ಷಿ ಬೆಳೆದ ಡಾ. ಕಾನ್‌ಸ್ಟಾಂಟಿನ್ ಫ್ರಾಂಕ್

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ವಿದ್ಯೆಯು ಯಾರೂ ಕದಿಯಲಾರದ ಸಂಪತ್ತೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮಾತು ನಿಜವೇ. ಆದರೆ ಆ ಸಂಪತ್ತನ್ನು ಹೊತ್ತವನು ತನ್ನ ಮಾತು ಯಾರಿಗೂ ತಿಳಿಯದ ನಾಡಿಗೆ ಹೋಗಿ ನಿಂತರೆ, ಅದು ಅಲ್ಲಿ ಚಲಾವಣೆಯಾಗುವುದೇ? ಐವತ್ತು ದಾಟಿದ ವಯಸ್ಸಿನಲ್ಲಿ, ಡಾಕ್ಟರೇಟ್ ಪದವಿ ಪಡೆದಿದ್ದೂ ಪಾತ್ರೆ ತೊಳೆದು, ಗುದ್ದಲಿ ಹಿಡಿದು ಬದುಕಬೇಕಾಗಿ ಬಂದ ವಿದ್ವಾಂಸರೊಬ್ಬರ ಜೀವನದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅವರೇ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶೀತಪ್ರದೇಶದಲ್ಲಿ ಯೂರೋಪಿನ ದ್ರಾಕ್ಷಿಯನ್ನು ಬೆಳೆದು ತೋರಿಸಿ, ಒಂದು ಪ್ರಾಂತಕ್ಕೆ ಹೊಸ ಜೀವ ಕೊಟ್ಟ ಡಾ. ಕಾನ್‌ಸ್ಟಾಂಟಿನ್ ಫ್ರಾಂಕರು.

ಫ್ರಾಂಕರ ಹೆಸರು ದ್ರಾಕ್ಷಾಮದ್ಯದೊಡನೆ, ಎಂದರೆ ವೈನಿನೊಡನೆ, ಕೂಡಿಕೊಂಡಿದೆ. ಆದುದರಿಂದ ಈ ಲೇಖನ ಮದ್ಯದ ಪ್ರಶಂಸೆಗೆ ಹೊರಟಿದೆಯೆಂದು ಗುರುಹಿರಿಯರು ಶಂಕಿಸಬಾರದಾಗಿ ಕೋರುತ್ತೇನೆ. ನನ್ನ ಆಸಕ್ತಿ ಬಳ್ಳಿಯದು, ಸೀಸೆಯದಲ್ಲ. ನಮ್ಮ ತಂದೆಯವರು ಚಿಕ್ಕಬಳ್ಳಾಪುರದ ಕಡೆ ಎರಡು ಎಕರೆ ಚಪ್ಪರದಲ್ಲಿ ದ್ರಾಕ್ಷಿ ಬೆಳೆಯುವವರು. ನಾಲ್ಕನೆಯ ತರಗತಿಯ ಆಚೆಗೆ ಓದಿದವರಲ್ಲ. ಆದರೆ ಬಳ್ಳಿಯ ಕಣ್ಣನ್ನು ನೋಡಿಯೇ ಮುಂದಿನ ಫಸಲನ್ನು ಹೇಳಬಲ್ಲರು. ಅಂಥ ಮನೆಯಿಂದ ಬಂದವನಿಗೆ, ಬಳ್ಳಿಯನ್ನು ನಂಬಿ ಗೆದ್ದ ಈ ಮಹನೀಯರ ಕಥೆ ಹಿಡಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಥೆ ತಿಳಿಯಬೇಕಾದರೆ ದ್ರಾಕ್ಷಿಯಲ್ಲಿ ಎರಡು ಕುಲಗಳಿರುವುದನ್ನು ಮೊದಲು ಅರಿಯಬೇಕು. ಬೆಂಗಳೂರಿನ ಸುತ್ತಮುತ್ತ ಬೆಳೆಯುವ, ೨೦೧೩ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ನಾವೆಲ್ಲರೂ ತಿಂದಿದ್ದೇವೆ. ಹಣ್ಣನ್ನು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ತಿರುಳು ಬಾಯಿಗೆ ಜಾರುತ್ತದೆ. ಒಂದು ಬಗೆಯ ಗಾಢವಾದ ಪರಿಮಳ ಮೂಗಿಗೆ ಬಡಿಯುತ್ತದೆ. ಇದು ಹೆಸರಿಗೆ ಬೆಂಗಳೂರಿನದಾದರೂ ಇದರ ಮೂಲ ಅಮೆರಿಕ. ಅಲ್ಲಿ ಇದನ್ನು ‘ಇಸಾಬೆಲ್ಲಾ’ ಎಂದು ಕರೆಯುತ್ತಾರೆ. ಅಮೆರಿಕದ ಕಾಡುದ್ರಾಕ್ಷಿಯಾದ ಲಬ್ರಸ್ಕಾ ಕುಲದ ರಕ್ತ ಇದರಲ್ಲಿ ಹರಿಯುತ್ತಿದೆ. ಎರಡನೆಯದು ಯೂರೋಪ್ ಮತ್ತು ಪಶ್ಚಿಮ ಏಷ್ಯಗಳ ವಿನಿಫೆರಾ ಕುಲ. ರೀಸ್ಲಿಂಗ್, ಶಾರ್ಡೊನೆ, ಪಿನೋ ನ್ವಾರ್ ಮೊದಲಾದ ಪ್ರಸಿದ್ಧ ತಳಿಗಳು ಈ ಕುಲಕ್ಕೆ ಸೇರಿದವು. ಲೋಕದಲ್ಲಿ ಶ್ರೇಷ್ಠವೆನಿಸಿದ ವೈನುಗಳೆಲ್ಲ ಬಹುಮಟ್ಟಿಗೆ ಇವುಗಳಿಂದಲೇ ಆಗುತ್ತವೆ.

ಅಮೆರಿಕಕ್ಕೆ ವಲಸೆ ಹೋದ ಯೂರೋಪಿಯನ್ನರಿಗೆ ತಮ್ಮ ಊರಿನ ದ್ರಾಕ್ಷಿಯನ್ನು ಅಲ್ಲಿ ಬೆಳೆಯಬೇಕೆಂಬ ಹಂಬಲ ಮೊದಲಿನಿಂದಲೂ ಇತ್ತು. ೧೬೧೯ರಷ್ಟು ಹಿಂದೆಯೇ ವರ್ಜೀನಿಯದಲ್ಲಿ ಪ್ರತಿಯೊಬ್ಬ ಗೃಹಸ್ಥನೂ ದ್ರಾಕ್ಷಿಬಳ್ಳಿಗಳನ್ನು ನೆಡಬೇಕೆಂದು ಶಾಸನ ಮಾಡಿದ್ದರು. ಮುಂದೆ ರಾಷ್ಟ್ರಾಧ್ಯಕ್ಷರಾದ ಥಾಮಸ್ ಜೆಫರ್ಸನ್ನರು ಮಾಂಟಿಚೆಲ್ಲೋ ಎಂಬ ತಮ್ಮ ತೋಟದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದರು. ದೇಶದ ಪೂರ್ವಭಾಗದಲ್ಲೆಲ್ಲ ನೆಟ್ಟ ಬಳ್ಳಿಗಳು ಕೆಲವು ವರ್ಷಗಳಲ್ಲಿ ಸೊರಗಿ ಸತ್ತವು. ಕಾರಣ ಯಾರಿಗೂ ತಿಳಿಯಲಿಲ್ಲ. ಫಿಲಾಕ್ಸೆರಾ ಎಂಬ, ಹೇನಿನಂಥ ಒಂದು ಸೂಕ್ಷ್ಮ ಕೀಟ ಅಮೆರಿಕದ ಮಣ್ಣಿನಲ್ಲಿದ್ದು ಬೇರನ್ನು ಕೊರೆದು ಹಾಳುಮಾಡುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಆ ಕೀಟ ಫ್ರಾನ್ಸಿಗೆ ಹಬ್ಬಿ ಅಲ್ಲಿಯ ತೋಟಗಳನ್ನು ನಾಶಮಾಡಿದಾಗ ಬೆಳಕಿಗೆ ಬಂದಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರು ಈ ಕೀಟವನ್ನು ತಾಳಿಕೊಳ್ಳಬಲ್ಲುದು. ಆದುದರಿಂದ ಅದರ ಬೇರಿನ ಮೇಲೆ ಯೂರೋಪಿನ ಕಡ್ಡಿಯನ್ನು ಕಸಿ ಕಟ್ಟುವುದೇ ಪರಿಹಾರವಾಯಿತು. ಕೀಟದ ಗುಟ್ಟು ಬಯಲಾದರೂ ನ್ಯೂಯಾರ್ಕ್ ರಾಜ್ಯದಂಥ ಉತ್ತರದ ಪ್ರದೇಶಗಳಲ್ಲಿ ಭಯ ಹೋಗಲಿಲ್ಲ. ಕಸಿ ಕಟ್ಟಿದರೂ ಅಲ್ಲಿಯ ಚಳಿಗಾಲವನ್ನು ವಿನಿಫೆರಾ ತಾಳಲಾರದೆಂಬುದೇ ತಜ್ಞರ ದೃಢವಾದ ನಂಬಿಕೆಯಾಗಿತ್ತು.

ಆ ರಾಜ್ಯದ ಮಧ್ಯಭಾಗದಲ್ಲಿ ಹನ್ನೊಂದು ನೀಳವಾದ ಸರೋವರಗಳಿವೆ. ಹಿಂದೆ ಹಿಮನದಿಗಳು ಕೊರೆದ ಆಳವಾದ ಕಣಿವೆಗಳಲ್ಲಿ ನೀರು ತುಂಬಿ ಆದ ಇವು ನಕ್ಷೆಯಲ್ಲಿ ಚಾಚಿದ ಬೆರಳುಗಳಂತೆ ಕಾಣುವುದರಿಂದ ಫಿಂಗರ್ ಲೇಕ್ಸ್, ಎಂದರೆ ಬೆರಳು ಸರೋವರಗಳು, ಎಂಬ ಹೆಸರು ಬಂದಿದೆ. ಸೆನೆಕಾ ಸರೋವರದ ಆಳ ೬೦೦ ಅಡಿಗೂ ಹೆಚ್ಚು. ಇಷ್ಟು ಆಳವಾದ ನೀರು ಬೇಸಿಗೆಯ ಬಿಸಿಯನ್ನು ಬಹುಕಾಲ ಹಿಡಿದಿಟ್ಟುಕೊಂಡು, ಚಳಿಗಾಲದಲ್ಲಿ ದಡದ ಇಳಿಜಾರುಗಳಿಗೆ ಸ್ವಲ್ಪ ಬೆಚ್ಚನೆಯ ಗಾಳಿಯನ್ನು ಕೊಡುತ್ತದೆ. ಈ ಕಾರಣದಿಂದಲೇ ಅಲ್ಲಿ ದ್ರಾಕ್ಷಿ ಸಾಧ್ಯವಾಯಿತು. ೧೮೨೯ರಲ್ಲಿ ಕ್ಯೂಕಾ ಸರೋವರದ ತುದಿಯ ಹ್ಯಾಮಂಡ್ಸ್‌ಪೋರ್ಟ್ ಎಂಬ ಊರಿನಲ್ಲಿ ವಿಲಿಯಂ ಬಾಸ್ಟ್‌ವಿಕ್ ಎಂಬ ಪಾದ್ರಿಗಳು ತಮ್ಮ ಹಿತ್ತಲಲ್ಲಿ ಬಳ್ಳಿ ನೆಟ್ಟರು. ೧೮೬೦ರಲ್ಲಿ ಪ್ಲೆಸೆಂಟ್ ವ್ಯಾಲಿ ಎಂಬ ವೈನ್ ಕಂಪನಿ ಹುಟ್ಟಿತು. ಆದರೆ ಬೆಳೆದದ್ದೆಲ್ಲ ನಮ್ಮ ಬೆಂಗಳೂರು ನೀಲಿಯ ಬಂಧುಗಳಾದ ಅಮೆರಿಕದ ದ್ರಾಕ್ಷಿಗಳೇ. ೧೯೨೦ರಿಂದ ೧೯೩೩ರವರೆಗೆ ದೇಶದಲ್ಲೆಲ್ಲ ಪಾನನಿರೋಧ ಜಾರಿಯಲ್ಲಿದ್ದುದರಿಂದ ಈ ಕಸುಬು ನೆಲಕಚ್ಚಿತು. ಅದು ತೆರವಾದ ಮೇಲೆ ೧೯೩೪ರಲ್ಲಿ ಅಲ್ಲಿಯ ಗೋಲ್ಡ್ ಸೀಲ್ ಕಂಪನಿಗೆ ಫ್ರಾನ್ಸಿನ ಶಾಂಪೇನ್ ಪ್ರಾಂತದಿಂದ ಷಾರ್ಲ್ ಫೂರ್ನಿಯೆ ಎಂಬ ನಿಪುಣರು ಬಂದರು. ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ನಮ್ಮ ಕಥಾನಾಯಕರತ್ತ ಬರೋಣ. ಕಾನ್‌ಸ್ಟಾಂಟಿನ್ ಫ್ರಾಂಕರು ೧೮೯೯ನೆಯ ಇಸವಿ ಜುಲೈ ೪ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಯುಕ್ರೇನಿನಲ್ಲಿ, ಒಡೆಸ್ಸಾ ನಗರದ ಸಮೀಪ, ಜರ್ಮನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಅವರ ಯೌವನವು ಮೊದಲ ಮಹಾಯುದ್ಧ, ೧೯೧೭ರ ಕ್ರಾಂತಿ, ಆಮೇಲಿನ ಅಂತರ್ಯುದ್ಧ ಇವುಗಳ ನಡುವೆ ಕಳೆಯಿತು. ಅಂಥ ಕಾಲದಲ್ಲಿಯೂ ಅವರು ಓದನ್ನು ಬಿಡಲಿಲ್ಲ. ಒಡೆಸ್ಸಾದಲ್ಲಿ ಕೃಷಿಶಾಸ್ತ್ರವನ್ನು ವ್ಯಾಸಂಗಮಾಡಿ, ಶೀತದೇಶಗಳಲ್ಲಿ ವಿನಿಫೆರಾ ದ್ರಾಕ್ಷಿಯನ್ನು ಬೆಳೆಯುವ ವಿಧಾನವನ್ನೇ ಪ್ರೌಢಪ್ರಬಂಧದ ವಿಷಯವಾಗಿ ತೆಗೆದುಕೊಂಡು ಡಾಕ್ಟರೇಟ್ ಗಳಿಸಿದರು. ನೀಪರ್ ನದಿಯ ದಡದ ದೊಡ್ಡದೊಂದು ಸರ್ಕಾರಿ ದ್ರಾಕ್ಷಿತೋಟದ ಆಡಳಿತ ಅವರ ಕೈಯಲ್ಲಿತ್ತು. ಅಲ್ಲಿ ಚಳಿಗಾಲಕ್ಕೆ ಮುನ್ನ ಬಳ್ಳಿಗಳನ್ನು ಮಣ್ಣಿನಲ್ಲಿ ಹುಗಿದು, ವಸಂತದಲ್ಲಿ ಮತ್ತೆ ತೆಗೆಯುವ ಪದ್ಧತಿಯಿತ್ತು. ಈ ಕೆಲಸಕ್ಕೆ ಅನುಕೂಲವಾಗುವ ನೇಗಿಲೊಂದನ್ನೂ ಅವರು ರೂಪಿಸಿದ್ದರು. ಹೀಗೆ ಅವರ ವಿದ್ಯೆಯು ಪುಸ್ತಕದಿಂದ ಹೇಗೋ ಹಾಗೆ ಹಿಮ ಬಿದ್ದ ಹೊಲದಿಂದಲೂ ಬಂದುದಾಗಿತ್ತು.

ಎರಡನೆಯ ಮಹಾಯುದ್ಧ ಈ ಬಾಳನ್ನು ಬುಡಮೇಲು ಮಾಡಿತು. ಫ್ರಾಂಕರ ಸಂಸಾರ ಯುಕ್ರೇನನ್ನು ತೊರೆದು ಆಸ್ಟ್ರಿಯಕ್ಕೂ ಅಲ್ಲಿಂದ ಜರ್ಮನಿಗೂ ಹೋಗಿ, ಕೊನೆಗೆ ೧೯೫೧ರಲ್ಲಿ ಅಮೆರಿಕದ ನೆಲವನ್ನು ಮುಟ್ಟಿತು. ಹೆಂಡತಿ ಯೂಜೀನಿಯಾ, ಮೂವರು ಮಕ್ಕಳು, ಕೈಯಲ್ಲಿ ೪೦ ಡಾಲರು. ವಯಸ್ಸು ಐವತ್ತೆರಡರ ಹತ್ತಿರ. ಅವರಿಗೆ ಹಲವು ಭಾಷೆಗಳು ಬರುತ್ತಿದ್ದವು, ಇಂಗ್ಲಿಷೊಂದು ಬರುತ್ತಿರಲಿಲ್ಲ. ನ್ಯೂಯಾರ್ಕ್ ನಗರದ ಆಟೋಮ್ಯಾಟ್ ಉಪಾಹಾರಗೃಹವೊಂದರಲ್ಲಿ ಎಂಜಲು ತಟ್ಟೆಗಳನ್ನು ತೊಳೆಯುವ ಕೆಲಸವೇ ಅವರಿಗೆ ಸಿಕ್ಕಿತು. ತೋಟವನ್ನೇ ಆಳಿದ ಕೈಗಳು ತಟ್ಟೆ ತೊಳೆದವು. ಇದನ್ನು ಅವಮಾನವೆಂದು ಬಗೆದು ಅವರು ಕುಗ್ಗಿದಂತೆ ಕಾಣುವುದಿಲ್ಲ. ಕೂಡಿಟ್ಟ ಹಣದಿಂದ ರಾಜ್ಯದ ಒಳನಾಡಿನ ಜಿನೀವಾ ಎಂಬ ಊರಿಗೆ ಟಿಕೆಟು ಕೊಂಡರು. ಇದು ಸ್ವಿಟ್ಜರ್ಲೆಂಡಿನ ಜಿನೀವಾ ಅಲ್ಲ. ಸೆನೆಕಾ ಸರೋವರದ ಉತ್ತರ ತುದಿಯಲ್ಲಿರುವ ಊರು. ಅಲ್ಲಿ ಸರ್ಕಾರದ ಕೃಷಿ ಪ್ರಯೋಗಕೇಂದ್ರವಿತ್ತು.

ಕೇಂದ್ರದಲ್ಲಿ ಕೆಲಸವೇನೋ ದೊರೆಯಿತು. ಆದರೆ ದೊರೆತದ್ದು ಬ್ಲೂಬೆರಿ ಗಿಡಗಳ ಸಾಲಿನಲ್ಲಿ ಗುದ್ದಲಿಯಿಂದ ಕಳೆ ಕೀಳುವ ಕೂಲಿ. ಅದೇ ಕೇಂದ್ರದಲ್ಲಿ ದ್ರಾಕ್ಷಿಯ ಪ್ರಯೋಗಗಳು ನಡೆಯುತ್ತಿದ್ದವು. ವಿನಿಫೆರಾ ಈ ಚಳಿಗೆ ಬದುಕದೆಂದು ಅಲ್ಲಿಯ ವಿದ್ವಾಂಸರು ತೀರ್ಮಾನಿಸಿಬಿಟ್ಟಿದ್ದರು. ಇದಕ್ಕಿಂತಲೂ ಕಠಿನವಾದ ಚಳಿಯಲ್ಲಿ ಅದೇ ಕುಲವನ್ನು ಸಾವಿರಾರು ಎಕರೆಗಳಲ್ಲಿ ಕಂಡಿದ್ದ ಮನುಷ್ಯರು ಕೆಲವೇ ಮಾರು ದೂರದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಉಗುಳು ನೆಲಕ್ಕೆ ಬೀಳುವ ಮುನ್ನವೇ ಹೆಪ್ಪುಗಟ್ಟುವಂಥ ಚಳಿಯಲ್ಲಿ ತಾವು ದ್ರಾಕ್ಷಿ ಬೆಳೆದಿರುವುದಾಗಿ ಅವರು ಹೇಳಿದರೂ ಕೂಲಿಯವನ ಮಾತಿಗೆ ಬೆಲೆ ಬರಲಿಲ್ಲ. ನಾನು ಈ ಸಂಗತಿಯನ್ನು ಓದಿದಾಗ ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ಹಳ್ಳಿಯಿಂದ ಬಂದು ಇಂಗ್ಲಿಷಿನ ಮುಂದೆ ನಾಲಗೆ ತಡವರಿಸಿದವರಿಗೆ ಆ ಮೌನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೇಳುವ ಕಿವಿಯೊಂದು ಸಮೀಪದಲ್ಲಿಯೇ ಇತ್ತು. ಮೇಲೆ ಹೇಳಿದ ಫೂರ್ನಿಯೆಯವರಿಗೂ ಫ್ರಾಂಕರಿಗೂ ಜಿನೀವಾದ ಸಭೆಯೊಂದರಲ್ಲಿ ಭೇಟಿಯಾಯಿತು. ಫೂರ್ನಿಯೆಯವರ ತಾಯ್ನುಡಿ ಫ್ರೆಂಚ್. ಫ್ರಾಂಕರಿಗೂ ಫ್ರೆಂಚ್ ಬರುತ್ತಿತ್ತು. ಆ ಹೊತ್ತಿಗೆ ಫ್ರಾಂಕರ ಇಂಗ್ಲಿಷಿನ ದಾರಿದ್ರ್ಯ ಅಡ್ಡ ಬರಲಿಲ್ಲ. ವಿದ್ಯೆ ವಿದ್ಯೆಯೊಡನೆ ನೇರವಾಗಿ ಮಾತನಾಡಿತು. ತಮ್ಮ ಪ್ರಾಂತದ ಶ್ರೇಷ್ಠ ತಳಿಗಳನ್ನು ಈ ಸರೋವರಗಳ ದಡದಲ್ಲಿ ಕಾಣಬೇಕೆಂಬ ಆಸೆ ಫೂರ್ನಿಯೆಯವರಿಗೂ ಇದ್ದಿರಬೇಕು. ಅವರು ೧೯೫೩-೫೪ರ ಸುಮಾರಿಗೆ ಫ್ರಾಂಕರನ್ನು ಗೋಲ್ಡ್ ಸೀಲ್ ಕಂಪನಿಯ ದ್ರಾಕ್ಷಿ ಸಂಶೋಧನೆಗೆ ನಿಯಮಿಸಿದರು. ಕೂಲಿಯಾಳು ಮತ್ತೆ ಡಾ. ಫ್ರಾಂಕರಾದರು.

ಫ್ರಾಂಕರ ವಾದದ ತಿರುಳು ಸರಳವಾದುದು. ಬಳ್ಳಿಯನ್ನು ಕೊಲ್ಲುವುದು ಚಳಿಯೊಂದೇ ಅಲ್ಲ. ಚಳಿ ಬರುವ ಹೊತ್ತಿಗೆ ಬಳ್ಳಿ ಸಿದ್ಧವಾಗಿರದಿರುವುದು. ಬೇಸಿಗೆಯಲ್ಲಿ ಹಸಿರಾಗಿ ಬೆಳೆದ ಚಿಗುರು ಶರತ್ಕಾಲದಲ್ಲಿ ಬಲಿತು ಕಂದುಬಣ್ಣದ ಗಟ್ಟಿ ಕಡ್ಡಿಯಾಗಬೇಕು. ಹಸಿಯಾಗಿರುವಾಗಲೇ ಹಿಮ ಬಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಕಡ್ಡಿ ಸಾಯುತ್ತದೆ. ಕಡ್ಡಿ ಬೇಗ ಬಲಿಯುವಂತೆ ಮಾಡುವುದರಲ್ಲಿ ಬೇರಿನ ಪಾಲು ದೊಡ್ಡದು. ತಡವಾಗಿ ಬೆಳೆಯುವ ಬೇರು ಮೇಲಿನ ಬಳ್ಳಿಯನ್ನೂ ತಡಮಾಡಿಸುತ್ತದೆ. ಆದುದರಿಂದ ಕೀಟವನ್ನು ತಾಳುವ ಬೇರು ಸಾಲದು. ಉತ್ತರದ ಅಲ್ಪಕಾಲದ ಬೇಸಿಗೆಗೆ ಒಗ್ಗಿ ಬೇಗ ಮಾಗುವ ಬೇರು ಬೇಕು. ಇದೇ ಅವರ ಸಿದ್ಧಾಂತ.

ಅಂಥ ಬೇರನ್ನು ಹುಡುಕುತ್ತ ಫ್ರಾಂಕರೂ ಫೂರ್ನಿಯೆಯವರೂ ಈಶಾನ್ಯ ಅಮೆರಿಕವನ್ನೆಲ್ಲ ಸುತ್ತಿದರು. ಕೆನಡಾದ ಕ್ವಿಬೆಕ್ ಪ್ರಾಂತದ ಕ್ರೈಸ್ತ ಮಠವೊಂದರ ತೋಟದಲ್ಲಿ, ನ್ಯೂಯಾರ್ಕಿಗಿಂತಲೂ ಬೇಸಿಗೆ ಕಿರಿದಾಗಿರುವ ಕಡೆ, ಪಿನೋ ನ್ವಾರ್ ದ್ರಾಕ್ಷಿ ಬದುಕಿರುವುದನ್ನು ಕಂಡರು. ಮೂರು ವರ್ಷಗಳಿಗೊಮ್ಮೆಯಾದರೂ ಅಲ್ಲಿ ಒಳ್ಳೆಯ ಫಸಲು ಬರುತ್ತಿತ್ತಂತೆ. ಆ ಬೇರಿನ ಕಡ್ಡಿಗಳನ್ನು ತಂದು ಸಾವಿರಾರು ಕಸಿಗಳನ್ನು ಕಟ್ಟಿದರು. ಯಾವ ಬೇರಿಗೆ ಯಾವ ತಳಿ ಹೊಂದುತ್ತದೆ, ಯಾವ ಮಣ್ಣಿಗೆ ಯಾವ ಜೋಡಿ ಸರಿಹೋಗುತ್ತದೆ ಎಂದು ಒಂದೊಂದನ್ನೂ ನೆಟ್ಟು, ಅಳೆದು, ಬರೆದಿಟ್ಟರು. ಚಳಿಗಾಲಕ್ಕೆ ಮುಂಚೆ ಕಸಿಯ ಗಂಟಿನ ಮೇಲಕ್ಕೆ ಮಣ್ಣೇರಿಸುವುದು, ವಸಂತದಲ್ಲಿ ಅದನ್ನು ಬಿಡಿಸುವುದು ಪ್ರತಿವರ್ಷದ ವ್ರತವಾಯಿತು. ನಮ್ಮ ಕಡೆಯ ರೈತರು ಈಗ ಉಪ್ಪುನೀರು ಮತ್ತು ಬರವನ್ನು ತಾಳುವ ‘ಡಾಗ್‌ರಿಡ್ಜ್’ ಎಂಬ ಅಮೆರಿಕದ ಬೇರಿನ ಮೇಲೆ ಬೇರೆ ತಳಿಗಳನ್ನು ಕಸಿ ಕಟ್ಟುವುದನ್ನು ಬಲ್ಲವರಿಗೆ ಈ ಶ್ರಮದ ಪರಿಚಯವಿರುತ್ತದೆ. ಅಲ್ಲಿ ಹೋರಾಟ ಹಿಮದೊಡನೆ. ಇಲ್ಲಿ ಬಿಸಿಲು ಮತ್ತು ಸವುಳಿನೊಡನೆ. ಉಪಾಯ ಒಂದೇ.

ಪರೀಕ್ಷೆಯ ದಿನವೂ ಬಂದಿತು. ೧೯೫೭ರ ಫೆಬ್ರುವರಿಯಲ್ಲಿ ಆ ಪ್ರಾಂತದ ಉಷ್ಣತೆ ಫ್ಯಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ ೨೫ ಡಿಗ್ರಿ ಕೆಳಕ್ಕೆ, ಎಂದರೆ ಸೆಲ್ಸಿಯಸ್ಸಿನಲ್ಲಿ ಸೊನ್ನೆಗಿಂತ ಸುಮಾರು ೩೨ ಡಿಗ್ರಿ ಕೆಳಕ್ಕೆ, ಇಳಿಯಿತು. ಚಳಿಯನ್ನು ತಾಳುವುದರಲ್ಲಿ ಹೆಸರಾದ ಅಮೆರಿಕದ ದ್ರಾಕ್ಷಿಗಳೇ ಗೋಲ್ಡ್ ಸೀಲ್ ತೋಟದಲ್ಲಿ ನೆಲದವರೆಗೂ ಕರಟಿಹೋದವು. ಹಾಗೆ ಒಂದು ಹಣ್ಣನ್ನೂ ಬಿಡದೆ ಹೋದವುಗಳಲ್ಲಿ ಇಸಾಬೆಲ್ಲಾ, ನಮ್ಮ ಬೆಂಗಳೂರು ನೀಲಿ, ಕೂಡ ಒಂದು. ಆದರೆ ಗಟ್ಟಿ ಬೇರಿನ ಮೇಲೆ ಫ್ರಾಂಕರು ಕಟ್ಟಿದ ರೀಸ್ಲಿಂಗ್ ಮತ್ತು ಶಾರ್ಡೊನೆ ಬಳ್ಳಿಗಳಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಕಣ್ಣುಗಳಿಗೂ ಹಾನಿಯಾಗಿರಲಿಲ್ಲ! ಆ ವರ್ಷದ ಸುಗ್ಗಿಯಲ್ಲಿ ಅವು ಎಕರೆಗೆ ೩ರಿಂದ ೪ ಟನ್ನುಗಳ ಲೆಕ್ಕದಲ್ಲಿ ಫಲ ಕೊಟ್ಟವು. ಮೂರು ಶತಮಾನಗಳ ಸೋಲಿಗೆ ಉತ್ತರ ದೊರೆಯಿತು. ಫ್ರಾಂಕರು ಯಾವ ಸಭೆಯಲ್ಲಿ ಇಂಗ್ಲಿಷಿನಲ್ಲಿ ವಾದಿಸಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಲಾಗುತ್ತಿರಲಿಲ್ಲ.

ಬಳಿಕ ಫ್ರಾಂಕರು ಹ್ಯಾಮಂಡ್ಸ್‌ಪೋರ್ಟಿನ ಹತ್ತಿರ, ಕ್ಯೂಕಾ ಸರೋವರದ ಮೇಲಿನ ಇಳಿಜಾರಿನಲ್ಲಿ, ಸ್ವಂತ ಭೂಮಿ ಮಾಡಿ, ೧೯೬೨ರಲ್ಲಿ ‘ವಿನಿಫೆರಾ ವೈನ್ ಸೆಲ್ಲರ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಿನಲ್ಲಿಯೇ ಅವರ ಛಲ ಕಾಣುತ್ತದೆ. ಅಲ್ಲಿ ರೀಸ್ಲಿಂಗಿನ ಜೊತೆಗೆ ಜಾರ್ಜಿಯಾ ದೇಶದ ರ್ಕಾಟ್ಸಿಟೆಲಿಯಂಥ, ಅಮೆರಿಕ ಕೇಳರಿಯದ ತಳಿಗಳನ್ನೂ ಬೆಳೆಸಿದರು. ಕಲಿಯಬಂದವರಿಗೆ ವಿದ್ಯೆಯನ್ನು ಮುಚ್ಚಿಡಲಿಲ್ಲ. ಬೇರೆ ಬೇರೆ ರಾಜ್ಯಗಳಿಂದ ಬಂದವರು ಅವರ ಸಾಲುಗಳಲ್ಲಿ ದುಡಿದು ಕಲಿತು ಹೋದರು. ಅವರಲ್ಲೊಬ್ಬರಾದ ಅರ್ನುಲ್ಫ್ ಎಸ್ಟರರು ೧೯೬೮ರಲ್ಲಿ ಓಹಾಯೊ ರಾಜ್ಯದಲ್ಲಿ ವಿನಿಫೆರಾ ತೋಟವನ್ನು ಆರಂಭಿಸಿದರು. ಗುದ್ದಲಿ ಹಿಡಿದವರು ಗುರುಗಳಾದರು.

ದೋಷವಿಲ್ಲದ ಮನುಷ್ಯರುಂಟೇ? ಫ್ರಾಂಕರಿಗೆ ತಮ್ಮ ಮತದಲ್ಲಿದ್ದ ನಿಷ್ಠೆ ಎಷ್ಟೋ ಸಲ ಹಟವಾಗುತ್ತಿತ್ತು. ಅಮೆರಿಕದ ಮತ್ತು ಯೂರೋಪಿನ ದ್ರಾಕ್ಷಿಗಳನ್ನು ಕೂಡಿಸಿ ಫ್ರೆಂಚರು ಬೆಳೆಸಿದ್ದ ಮಿಶ್ರತಳಿಗಳೇ ಪೂರ್ವಭಾಗಕ್ಕೆ ತಕ್ಕವೆಂದು ಮೇರಿಲೆಂಡಿನ ಫಿಲಿಪ್ ವ್ಯಾಗ್ನರ್ ಮೊದಲಾದವರು ಪ್ರಚಾರ ಮಾಡುತ್ತಿದ್ದರು. ಫ್ರಾಂಕರು ಈ ತಳಿಗಳನ್ನು ಉಗ್ರವಾಗಿ ಖಂಡಿಸಿದರು. ಅವುಗಳ ವೈನು ದೇಹಕ್ಕೆ ಹಾನಿಕರವೆಂದೂ ಸಾರಿದರು. ಈ ಮಾತನ್ನು ವಿಜ್ಞಾನ ಒಪ್ಪಿಕೊಳ್ಳಲಿಲ್ಲ. ಮಿಶ್ರತಳಿಗಳು ಇಂದಿಗೂ ಆ ಪ್ರಾಂತದಲ್ಲಿ ಬೆಳೆಯುತ್ತಿವೆ. ತಜ್ಞರ ಹಟದಿಂದ ನೊಂದಿದ್ದವರೇ ತಾವೂ ಹಟ ಹಿಡಿದುದು ವಿಚಿತ್ರವಾದರೂ ಸತ್ಯ. ವ್ಯಾಪಾರದಲ್ಲಿಯೂ ಅವರು ಚತುರರಾಗಿರಲಿಲ್ಲ. ಲಾಭಕ್ಕಿಂತ ಪ್ರಯೋಗದ ಮೇಲೆಯೇ ಅವರ ಕಣ್ಣು. ಸಂಸ್ಥೆಯನ್ನು ವ್ಯಾಪಾರದ ಹಾದಿಗೆ ತಂದವರು ಅವರ ಮಗ ವಿಲ್ಲಿ ಫ್ರಾಂಕರು.

ಫ್ರಾಂಕರು ನೆಟ್ಟುದರ ಫಲವನ್ನು ಪ್ರಾಂತವೆಲ್ಲ ಉಂಡದ್ದು ಸ್ವಲ್ಪ ತಡವಾಗಿ. ದೊಡ್ಡ ಕಂಪನಿಗಳು ಅಮೆರಿಕದ ದ್ರಾಕ್ಷಿಯನ್ನು ಕೊಳ್ಳುವುದನ್ನು ಕಡಿಮೆಮಾಡುತ್ತ ಬಂದಾಗ ಸಣ್ಣ ಬೆಳೆಗಾರರು ಕಂಗೆಟ್ಟರು. ೧೯೭೬ರಲ್ಲಿ ನ್ಯೂಯಾರ್ಕ್ ಸರ್ಕಾರ ಒಂದು ಕಾನೂನು ಮಾಡಿ, ರೈತರು ತಮ್ಮ ಹಣ್ಣಿನಿಂದ ತಾವೇ ವೈನು ಮಾಡಿ ನೇರವಾಗಿ ಮಾರಲು ದಾರಿ ತೆರೆಯಿತು. ಬೆಳೆಗಾರರ ಮುಂದೆ ಆಗ ಫ್ರಾಂಕರ ಬಳ್ಳಿಗಳು ಸಾಕ್ಷಿಯಾಗಿ ನಿಂತಿದ್ದವು. ಜರ್ಮನಿಯ ಮೋಸೆಲ್ ಕಣಿವೆಯಿಂದ ಬಂದ ಹರ್ಮನ್ ವೀಮರರು ಸೆನೆಕಾ ಸರೋವರದ ದಡದಲ್ಲಿ ಕಸಿಸಸಿಗಳ ನರ್ಸರಿಯನ್ನೂ, ೧೯೭೯ರಲ್ಲಿ ವೈನ್‌ಗೃಹವನ್ನೂ ಸ್ಥಾಪಿಸಿ ಈ ಕೆಲಸವನ್ನು ಮುಂದುವರಿಸಿದರು. ೧೯೮೨ರಲ್ಲಿ ಫಿಂಗರ್ ಲೇಕ್ಸ್ ಪ್ರಾಂತಕ್ಕೆ ಪ್ರತ್ಯೇಕ ದ್ರಾಕ್ಷಿಪ್ರದೇಶವೆಂಬ ಅಧಿಕೃತ ಮನ್ನಣೆ ದೊರೆಯಿತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ವೈನ್‌ಗೃಹಗಳಿವೆ. ಅಲ್ಲಿಯ ರೀಸ್ಲಿಂಗ್ ಲೋಕಪ್ರಸಿದ್ಧವಾಗಿದೆ. ಗುಣವನ್ನು ಗುರುತಿಸಿದ ಫೂರ್ನಿಯೆಯವರು ೧೯೮೩ರಲ್ಲಿ ತೀರಿಕೊಂಡರು. ಫ್ರಾಂಕರು ೧೯೮೫ರ ಸೆಪ್ಟೆಂಬರಿನಲ್ಲಿ ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ಕಾಲವಾದರು. ಅವರ ತೋಟದಲ್ಲಿ ಈಗ ನಾಲ್ಕನೆಯ ತಲೆಮಾರಿನವರು ದುಡಿಯುತ್ತಿದ್ದಾರೆ.

ಫ್ರಾಂಕರ ಬಾಳಿನಿಂದ ನಾವು ಕಲಿಯಬೇಕಾದುದೇನು? ವಿದ್ಯೆಯನ್ನು ಭಾಷೆಯಿಂದಲೂ ಉಡುಪಿನಿಂದಲೂ ಅಳೆಯುವುದು ಲೋಕದ ರೂಢಿ. ಅದರಿಂದ ನೋವಾಗುತ್ತದೆ; ಆದರೆ ವಿದ್ಯೆ ಕರಗುವುದಿಲ್ಲ. ಕಳೆ ಕೀಳುವ ಕೆಲಸ ಸಿಕ್ಕಿದರೆ ಅದನ್ನು ನೆಟ್ಟಗೆ ಮಾಡುತ್ತ, ತಾನು ಬಲ್ಲುದನ್ನು ಬಿಡದೆ, ನೆಲದ ಮೇಲೆ ತೋರಿಸುವ ಅವಕಾಶಕ್ಕಾಗಿ ಕಾಯಬೇಕು. ಇದು ವಿದ್ಯಾರ್ಥಿಗಳಾದ ನಮಗೆ. ಫೂರ್ನಿಯೆಯವರ ನಡತೆಯಲ್ಲಿಯೂ ಒಂದು ಪಾಠವಿದೆ. ಮಾತು ತಡವರಿಸಿದರೂ ಅದರ ಹಿಂದಿನ ತಿಳಿವನ್ನು ಕಂಡುಕೊಳ್ಳುವವರೊಬ್ಬರು ಪ್ರತಿ ಊರಿನಲ್ಲಿಯೂ ಪ್ರತಿ ಕಾಲೇಜಿನಲ್ಲಿಯೂ ಇದ್ದರೆ ಎಷ್ಟೋ ಬಳ್ಳಿಗಳು ಬದುಕುತ್ತವೆ. ನಮ್ಮ ಕಾಲೇಜಿನಲ್ಲಿ ಅಂಥ ಗುರುಗಳನ್ನು ಕಂಡಿದ್ದೇನೆಂದು ಕೃತಜ್ಞತೆಯಿಂದ ಹೇಳಬಲ್ಲೆ.

ರಜಕ್ಕೆ ಊರಿಗೆ ಹೋದಾಗ ಈ ಕಥೆಯನ್ನು ತಂದೆಯವರಿಗೆ ಹೇಳಿದೆ. ಚಪ್ಪರದ ಕೆಳಗೆ ಕಡ್ಡಿ ಸವರುತ್ತಲೇ ಕೊನೆಯವರೆಗೂ ಕೇಳಿದರು. ಡಾಕ್ಟರೇಟಿನ ವಿಷಯವನ್ನಾಗಲಿ ಅಮೆರಿಕದ ವಿಷಯವನ್ನಾಗಲಿ ಅವರು ವಿಚಾರಿಸಲಿಲ್ಲ. ಆ ಮಠದ ತೋಟದ ಬೇರು ಎಂಥದು, ಅದು ಎಷ್ಟು ದಿನಕ್ಕೆ ಬಲಿಯುತ್ತದೆ ಎಂದು ಮಾತ್ರ ಕೇಳಿದರು. ಫ್ರಾಂಕರು ಬದುಕಿದ್ದು ಅಲ್ಲಿ ಹಾಜರಿದ್ದಿದ್ದರೆ, ಭಾಷೆ ಬಾರದಿದ್ದರೂ, ಆ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.